ಆರು ದಿನವೋ, ಆರು ಕಾಲವೋ? – ಮಾರ್ಮನ್ ನಂಬಿಕೆಯಲ್ಲಿ ಸೃಷ್ಟಿಕಥೆಯ ಅರ್ಥವಿಚಾರ



‘ಊರಿಗೆ ಊರೇ ಜಾತ್ರೆಗೆ ಬಂದಿತ್ತು’ ಎಂದು ಯಾರಾದರೂ ಹೇಳಿದರೆ ನಿಮಗೆ ಗೊಂದಲವಾಗುವುದಿಲ್ಲ. ಮನೆ, ಬಾವಿ, ಬೀದಿಗಳು ಎದ್ದು ಬಂದವೆಂದು ನೀವು ತಿಳಿಯುವುದಿಲ್ಲ. ಊರಿನ ಜನರೆಲ್ಲ ಬಂದಿದ್ದರು ಎಂದು ತಿಳಿಯುತ್ತೀರಿ. ಕನ್ನಡ ತರಗತಿಯಲ್ಲಿ ಕಾವ್ಯಮೀಮಾಂಸೆಯ ಪಾಠ ಕೇಳಿದವರಿಗೆ ಇದರ ಹೆಸರುಗಳು ಗೊತ್ತು. ಪದವು ನೇರವಾಗಿ ಕೊಡುವುದು ವಾಚ್ಯಾರ್ಥ. ಆ ಮುಖ್ಯಾರ್ಥ ಹೊಂದದೆ ಹೋದಾಗ, ಅಂದರೆ ಅದಕ್ಕೆ ‘ಬಾಧೆ’ ಬಂದಾಗ, ಅದರೊಡನೆ ಸಂಬಂಧವುಳ್ಳ ಬೇರೊಂದು ಅರ್ಥವನ್ನು ಹಿಡಿಯುತ್ತೇವೆ. ಅದು ಲಕ್ಷ್ಯಾರ್ಥ.

ಜಾತ್ರೆಯ ಮಾತಿನಲ್ಲಿ ಬಾಧೆ ಎಲ್ಲಿದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಆದರೆ ಒಂದು ಸಮುದಾಯವು ದೇವರ ವಾಕ್ಯವೆಂದು ನಂಬಿರುವ ಗ್ರಂಥದಲ್ಲಿ, ಲೋಕವು ಆರು ದಿನಗಳಲ್ಲಿ ಸೃಷ್ಟಿಯಾಯಿತು, ಮೊದಲ ಮನುಷ್ಯನನ್ನು ಮಣ್ಣಿನಿಂದ ರೂಪಿಸಲಾಯಿತು ಎಂದಿದ್ದರೆ? ಅಲ್ಲಿ ಮುಖ್ಯಾರ್ಥಕ್ಕೆ ಬಾಧೆ ಬಂದಿದೆಯೇ? ಬಂದಿದೆ ಎಂದು ತೀರ್ಮಾನಿಸುವವರು ಯಾರು? ಇದು ಬರಿಯ ಅಲಂಕಾರಶಾಸ್ತ್ರದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಇದೇ ಪ್ರಶ್ನೆಯಿಂದ ಅಧ್ಯಾಪಕರು ಕೆಲಸ ಬಿಡಬೇಕಾಗಿ ಬಂದದ್ದುಂಟು. ಒಬ್ಬರು ಜೀವನದ ಕೊನೆಯ ವರ್ಷಗಳಲ್ಲಿ ಬರೆದ ದೊಡ್ಡ ಗ್ರಂಥ ಅಚ್ಚಾಗದೆ ಉಳಿದದ್ದೂ ಉಂಟು. ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಸಮುದಾಯವು ಈ ಪ್ರಶ್ನೆಯನ್ನು ಹೇಗೆ ಎದುರಿಸಿತು ಎಂಬುದನ್ನು ಈಗ ನೋಡೋಣ.

ಮಾರ್ಮನ್ನರು ಯಾರು?

1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬ ಇಪ್ಪತ್ತನಾಲ್ಕು ವರ್ಷದ ಯುವಕ ಒಂದು ಹೊಸ ಕ್ರೈಸ್ತ ಸಭೆಯನ್ನು ಸ್ಥಾಪಿಸಿದ. ಅದರ ಪೂರ್ಣ ಹೆಸರು ‘ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’. ಅದೇ ವರ್ಷ ಆತ ಪ್ರಕಟಿಸಿದ ‘ಬುಕ್ ಆಫ್ ಮಾರ್ಮನ್’ ಎಂಬ ಗ್ರಂಥದಿಂದಾಗಿ ಜನರು ಇವರನ್ನು ಮಾರ್ಮನ್ನರು ಎಂದು ಕರೆದರು. ತಮ್ಮ ಸಭೆಯನ್ನು ಪೂರ್ಣ ಹೆಸರಿನಿಂದಲೇ ಕರೆಯಬೇಕೆಂದು 2018ರಲ್ಲಿ ಅದರ ಅಧ್ಯಕ್ಷರು ಕೋರಿದ್ದಾರೆ. ಓದುಗರಿಗೆ ಪರಿಚಿತವಾದ ಹೆಸರೆಂಬ ಕಾರಣಕ್ಕೆ ಮಾತ್ರ ಇಲ್ಲಿ ‘ಮಾರ್ಮನ್’ ಎಂಬ ಪದವನ್ನು ಬಳಸಿದ್ದೇವೆ.

ಜೋಸೆಫ್ ಸ್ಮಿತ್‌ನನ್ನು 1844ರಲ್ಲಿ ಇಲಿನಾಯ್ ರಾಜ್ಯದ ಕಾರ್ತೇಜ್ ಎಂಬಲ್ಲಿ ಗುಂಪೊಂದು ಸೆರೆಮನೆಗೆ ನುಗ್ಗಿ ಕೊಂದಿತು. ಆತನ ನಂತರ ಬ್ರಿಗಮ್ ಯಂಗ್ ನೇತೃತ್ವದಲ್ಲಿ ಅನುಯಾಯಿಗಳು ಪಶ್ಚಿಮಕ್ಕೆ ನಡೆದು 1847ರಲ್ಲಿ ಇಂದಿನ ಯೂಟಾ ರಾಜ್ಯದ ಸಾಲ್ಟ್ ಲೇಕ್ ಕಣಿವೆಯಲ್ಲಿ ನೆಲೆಸಿದರು. ಇಂದು ಈ ಸಭೆಯ ಸದಸ್ಯರ ಸಂಖ್ಯೆ 1 ಕೋಟಿ 70 ಲಕ್ಷವನ್ನು ಮೀರಿದೆ. ಬೆಂಗಳೂರಿಗೂ ಇದರ ನಂಟಿದೆ: ಇಲ್ಲಿ ಒಂದು ಮಂದಿರವನ್ನು ಕಟ್ಟುವುದಾಗಿ ಸಭೆಯು 2018ರಲ್ಲಿ ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ಕೆಲಸಕ್ಕೆ ಭೂಮಿಪೂಜೆಯಂಥ ಪ್ರಾರಂಭೋತ್ಸವವನ್ನು ನಡೆಸಿತು.

ಒಂದಲ್ಲ, ನಾಲ್ಕು ಸೃಷ್ಟಿಕಥೆಗಳು

ಬೈಬಲಿನ ಮೊದಲ ಪುಸ್ತಕ ಆದಿಕಾಂಡ. ಅದರ ಮೊದಲನೆಯ ಅಧ್ಯಾಯದಲ್ಲಿ ದೇವರು ಆರು ದಿನಗಳಲ್ಲಿ ಬೆಳಕು, ಆಕಾಶ, ನೆಲ, ಸಸ್ಯ, ಸೂರ್ಯಚಂದ್ರ, ಪ್ರಾಣಿ, ಮನುಷ್ಯ ಎಲ್ಲವನ್ನೂ ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸುತ್ತಾನೆ. ಎರಡನೆಯ ಅಧ್ಯಾಯದಲ್ಲಿ ಆದಾಮನನ್ನು ನೆಲದ ಮಣ್ಣಿನಿಂದ ರೂಪಿಸಿ, ಅವನ ಪಕ್ಕೆಲುಬಿನಿಂದ ಹವ್ವಳನ್ನು ಮಾಡುತ್ತಾನೆ. ಮೂರನೆಯದರಲ್ಲಿ ಅವರಿಬ್ಬರೂ ತಿನ್ನಬಾರದ ಹಣ್ಣನ್ನು ತಿಂದು ಏದೆನ್ ತೋಟದಿಂದ ಹೊರಬೀಳುತ್ತಾರೆ. ಇದನ್ನು ಕ್ರೈಸ್ತರು ‘ಪತನ’ ಎನ್ನುತ್ತಾರೆ.

ಇಲ್ಲಿ ಒಂದು ಹಳೆಯ ತೊಡಕಿದೆ. ಸೂರ್ಯ ಹುಟ್ಟುವುದು ನಾಲ್ಕನೆಯ ದಿನ. ಹಾಗಾದರೆ ಮೊದಲ ಮೂರು ದಿನಗಳಿಗೆ ಬೆಳಗು, ಸಂಜೆ ಎಲ್ಲಿಂದ ಬಂದವು? ಮೂರನೆಯ ಶತಮಾನದಲ್ಲಿಯೇ ಆರಿಜೆನ್ ಎಂಬ ಕ್ರೈಸ್ತ ವಿದ್ವಾಂಸ ಈ ಪ್ರಶ್ನೆಯನ್ನು ಎತ್ತಿದ್ದ. ಸೃಷ್ಟಿಕಥೆಯನ್ನು ಸಾಂಕೇತಿಕವಾಗಿ ಓದುವ ಕ್ರಮ ಡಾರ್ವಿನ್‌ನ ನಂತರ ಹುಟ್ಟಿದ್ದೆಂದು ಹಲವರು ತಿಳಿದಿದ್ದಾರೆ. ಅದು ಡಾರ್ವಿನ್‌ಗಿಂತ ಸಾವಿರದ ಆರುನೂರು ವರ್ಷ ಹಳೆಯದು.

ಮಾರ್ಮನ್ನರ ಸ್ಥಿತಿ ಇತರ ಕ್ರೈಸ್ತರಿಗಿಂತ ಭಿನ್ನ. ಅವರಿಗೆ ಆದಿಕಾಂಡದ ಜೊತೆಗೆ ಇನ್ನೂ ಎರಡು ಲಿಖಿತ ಸೃಷ್ಟಿಕಥೆಗಳಿವೆ. ಒಂದು, ಜೋಸೆಫ್ ಸ್ಮಿತ್ 1830ರಿಂದ ಆರಂಭಿಸಿದ ಬೈಬಲ್ ಪರಿಷ್ಕರಣೆಯ ಭಾಗವಾದ ‘ಮೋಶೆಯ ಪುಸ್ತಕ’. ಇನ್ನೊಂದು, 1842ರಲ್ಲಿ ಆತ ಪ್ರಕಟಿಸಿದ ‘ಅಬ್ರಹಾಮನ ಪುಸ್ತಕ’. ಈ ಎರಡೂ ಸೇರಿರುವ ಸಂಕಲನವನ್ನು 1880ರಲ್ಲಿ ಸಭೆಯು ಧರ್ಮಗ್ರಂಥವೆಂದು ಅಂಗೀಕರಿಸಿತು. ಇವಲ್ಲದೆ ಮಂದಿರದೊಳಗಿನ ವಿಧಿಯಲ್ಲಿಯೂ ಸೃಷ್ಟಿಯ ನಿರೂಪಣೆಯಿದೆ. ಅದು ಸದಸ್ಯರಿಗೆ ಮಾತ್ರ ಮೀಸಲಾದದ್ದು.

ಈ ಕಥೆಗಳು ಒಂದೇ ಮಾತನ್ನು ಹೇಳುವುದಿಲ್ಲ. ಮೋಶೆಯ ಪುಸ್ತಕದಲ್ಲಿ ದೇವರು ‘ನಾನು’ ಎಂದು ತಾನೇ ನಿರೂಪಿಸುತ್ತಾನೆ. ಎಲ್ಲವೂ ಭೂಮಿಯ ಮೇಲೆ ಭೌತಿಕವಾಗಿ ಇರುವ ಮೊದಲು ಆತ್ಮರೂಪದಲ್ಲಿ ಸೃಷ್ಟಿಯಾಗಿತ್ತು ಎಂಬ ಮಾತು ಅಲ್ಲಿ ಬರುತ್ತದೆ. ಅಬ್ರಹಾಮನ ಪುಸ್ತಕದಲ್ಲಿ ‘ದೇವರುಗಳು’ ಎಂಬ ಬಹುವಚನವಿದೆ. ಅವರು ಲೋಕವನ್ನು ಶೂನ್ಯದಿಂದ ಹುಟ್ಟಿಸುವುದಿಲ್ಲ. ಮೊದಲೇ ಇದ್ದ ದ್ರವ್ಯವನ್ನು ವ್ಯವಸ್ಥೆಗೊಳಿಸುತ್ತಾರೆ. ಅಲ್ಲಿ ಸೃಷ್ಟಿಯ ಹಂತಗಳನ್ನು ಎಣಿಸಲು ‘ದಿನ’ದ ಬದಲು ಎರಡನೆಯ ಕಾಲ, ಮೂರನೆಯ ಕಾಲ ಎಂಬಂತೆ ‘ಕಾಲ’ ಎಂಬ ಪದ ಬಂದಿದೆ. ದೇವರುಗಳು ಆಜ್ಞೆ ಮಾಡಿ, ವಸ್ತುಗಳು ಆ ಆಜ್ಞೆಗೆ ಒಳಪಡುವ ತನಕ ನೋಡುತ್ತಾ ಇದ್ದರು ಎಂಬ ವಿವರವೂ ಇದೆ. ಆಜ್ಞೆಗೂ ಅದು ನೆರವೇರುವುದಕ್ಕೂ ನಡುವೆ ದೀರ್ಘಕಾಲ ಹಿಡಿದಿರಬಹುದು ಎಂದು ವಾದಿಸುವವರು ಈ ವಿವರವನ್ನು ಆಧಾರವಾಗಿ ತೋರಿಸುತ್ತಾರೆ.

ಇದರ ಪರಿಣಾಮವನ್ನು ಗಮನಿಸಿ. ‘ದಿನ’ ಎಂದರೆ ಇಪ್ಪತ್ತನಾಲ್ಕು ಗಂಟೆಯೇ ಎಂಬ ಪ್ರಶ್ನೆ ಇವರಿಗೆ ವಿಜ್ಞಾನದಿಂದ ಬರುವ ಮೊದಲೇ ತಮ್ಮದೇ ಗ್ರಂಥದಿಂದ ಬಂದಿತು. ಒಂದು ಪವಿತ್ರ ಗ್ರಂಥದ ಮುಖ್ಯಾರ್ಥಕ್ಕೆ ಇನ್ನೊಂದು ಪವಿತ್ರ ಗ್ರಂಥವೇ ಬಾಧೆ ತಂದಿತು.

ಅಬ್ರಹಾಮನ ಪುಸ್ತಕದ ಬಗೆಗೇ ಇನ್ನೊಂದು ಚರ್ಚೆಯಿದೆ. 1835ರಲ್ಲಿ ಕೊಂಡ ಈಜಿಪ್ಟಿನ ಪಪೈರಸ್ ಸುರುಳಿಗಳಿಂದ ಇದನ್ನು ಅನುವಾದಿಸಿದ್ದೆಂದು ಜೋಸೆಫ್ ಸ್ಮಿತ್ ಹೇಳಿದ್ದ. ಆ ಸುರುಳಿಗಳ ಕೆಲವು ತುಣುಕುಗಳು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದ್ದು, 1967ರಲ್ಲಿ ಸಭೆಗೆ ಮರಳಿ ಬಂದವು. ಅವು ಶವಸಂಸ್ಕಾರಕ್ಕೆ ಸಂಬಂಧಿಸಿದ ಬರಹಗಳೆಂದು ಈಜಿಪ್ಟ್ ತಜ್ಞರು ಓದಿ ಹೇಳಿದರು. ಉಳಿದಿರುವ ತುಣುಕುಗಳ ಬರಹಕ್ಕೂ ಪುಸ್ತಕದ ಪಾಠಕ್ಕೂ ಹೊಂದಿಕೆಯಿಲ್ಲವೆಂಬುದನ್ನು ಸಭೆಯೂ 2014ರ ಪ್ರಬಂಧವೊಂದರಲ್ಲಿ ಒಪ್ಪಿಕೊಂಡಿದೆ. ಆದರೂ ಪುಸ್ತಕವು ದೈವಪ್ರೇರಿತವೆಂಬ ನಂಬಿಕೆಯನ್ನು ಬಿಟ್ಟಿಲ್ಲ. ಹೀಗೆ ‘ಅನುವಾದ’ ಎಂಬ ಪದವನ್ನೇ ಯಾವ ಅರ್ಥದಲ್ಲಿ ಹಿಡಿಯಬೇಕೆಂಬುದು ಅಲ್ಲಿ ಚರ್ಚೆಯ ವಿಷಯವಾಗಿದೆ.

ನೇರ ಅರ್ಥವನ್ನು ಬಿಡಲಾಗದ ಸ್ಥಳ

ಹಾಗಿದ್ದರೆ ಕಥೆಯನ್ನೆಲ್ಲ ಸಂಕೇತವೆಂದು ಹೇಳಿ ಮುಗಿಸಬಹುದಿತ್ತಲ್ಲವೇ ಎಂದು ನೀವು ಕೇಳಬಹುದು. ಅದು ಅಷ್ಟು ಸುಲಭವಲ್ಲ. ಮಾರ್ಮನ್ ನಂಬಿಕೆಯಲ್ಲಿ ಸೃಷ್ಟಿ, ಪತನ, ಕ್ರಿಸ್ತನ ಮೂಲಕ ವಿಮೋಚನೆ – ಈ ಮೂರೂ ಒಂದೇ ಸರಪಳಿಯ ಕೊಂಡಿಗಳು. ಆದಾಮ ಹವ್ವರ ಪತನದಿಂದ ಮರಣ ಬಂತು. ಕ್ರಿಸ್ತನಿಂದ ಮರಣಕ್ಕೆ ಬಿಡುಗಡೆ ಬಂತು. ಪತನವನ್ನು ಇವರು ಬರಿಯ ದುರಂತವೆಂದು ನೋಡುವುದಿಲ್ಲ. ಮನುಷ್ಯಕುಲ ಹುಟ್ಟಿ ಬೆಳೆಯುವುದಕ್ಕೆ ಅಗತ್ಯವಾಗಿದ್ದ ಹೆಜ್ಜೆ ಎಂದು ಗೌರವಿಸುತ್ತಾರೆ. ಆದಾಮನೆಂಬ ವ್ಯಕ್ತಿಯೇ ಇರಲಿಲ್ಲ ಎಂದರೆ ಸರಪಳಿಯ ನಡುವಿನ ಕೊಂಡಿಯೇ ಕಳಚುತ್ತದೆ ಎಂಬ ಆತಂಕ ಅವರಿಗೆ.

ಇದಕ್ಕಿಂತ ಬಿಗಿಯಾದ ಗಂಟೊಂದಿದೆ. ಪತನವಾಗದಿದ್ದರೆ ಸೃಷ್ಟಿಯಾದ ಎಲ್ಲವೂ ಇದ್ದ ಸ್ಥಿತಿಯಲ್ಲಿಯೇ ಅಂತ್ಯವಿಲ್ಲದೆ ಉಳಿಯುತ್ತಿತ್ತು ಎಂಬ ಅಭಿಪ್ರಾಯ ಬುಕ್ ಆಫ್ ಮಾರ್ಮನ್‌ನಲ್ಲಿದೆ. ಇದನ್ನು ವಾಚ್ಯಾರ್ಥದಲ್ಲಿ ಹಿಡಿದರೆ ಆದಾಮನಿಗಿಂತ ಮೊದಲು ಭೂಮಿಯ ಮೇಲೆ ಯಾವ ಜೀವಿಯೂ ಸತ್ತಿರಬಾರದು. ಆದರೆ ಮಾರ್ಮನ್ನರು ನೆಲೆಸಿದ ಯೂಟಾ ಪ್ರದೇಶವು ಡೈನೋಸಾರ್ ಮೂಳೆಗಳಿಗೆ ಪ್ರಸಿದ್ಧವಾದ ನೆಲ. ಭೂಮಿಯ ವಯಸ್ಸು ಸುಮಾರು 450 ಕೋಟಿ ವರ್ಷವೆಂದು ವಿಜ್ಞಾನ ಹೇಳುತ್ತದೆ. ಕಾಲಕಾಲಕ್ಕೆ ಬದುಕಿ ಸತ್ತ ಜೀವಿಗಳ ಗುರುತು ಬಂಡೆಗಳಲ್ಲಿದೆ. ಗ್ರಂಥದ ಮಾತು ಒಂದು ಕಡೆ, ಕಾಲಡಿಯ ಬಂಡೆ ಇನ್ನೊಂದು ಕಡೆ. ಈ ಎರಡರ ನಡುವೆ ಮೊದಲು ಸಿಕ್ಕಿಕೊಂಡವರು ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು.

ತರಗತಿಗೆ ಬಂದ ವಿವಾದ

ಡಾರ್ವಿನ್‌ನ ‘ಜೀವಿಜಾತಿಗಳ ಉಗಮ’ 1859ರಲ್ಲಿ ಪ್ರಕಟವಾಯಿತು. ಅದಕ್ಕೆ ಐವತ್ತು ವರ್ಷ ತುಂಬಿದ 1909ರಲ್ಲಿ ಸಭೆಯ ಪ್ರಥಮ ಅಧ್ಯಕ್ಷ ಮಂಡಳಿಯು ಮನುಷ್ಯನ ಉಗಮದ ಬಗ್ಗೆ ಒಂದು ಅಧಿಕೃತ ಹೇಳಿಕೆಯನ್ನು ಹೊರಡಿಸಿತು. ಮನುಷ್ಯರೆಲ್ಲರೂ ದೇವರ ಮಕ್ಕಳು, ಆದಾಮನೇ ಮೊದಲ ಮನುಷ್ಯ ಎಂದು ಅದು ಸಾರಿತು. ಮನುಷ್ಯ ಕೆಳಹಂತದ ಪ್ರಾಣಿಗಳಿಂದ ವಿಕಾಸಗೊಂಡನೆಂಬುದು ಮನುಷ್ಯರ ಊಹೆ ಎಂದೂ ಹೇಳಿತು.

ಎರಡು ವರ್ಷದ ನಂತರ, 1911ರಲ್ಲಿ, ಯೂಟಾದ ಪ್ರೋವೋ ಪಟ್ಟಣದಲ್ಲಿರುವ ಸಭೆಯ ವಿದ್ಯಾಸಂಸ್ಥೆ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ವಿವಾದವೆದ್ದಿತು. ಹೆನ್ರಿ ಪೀಟರ್ಸನ್, ಜೋಸೆಫ್ ಪೀಟರ್ಸನ್, ರಾಲ್ಫ್ ಚೇಂಬರ್ಲಿನ್ ಎಂಬ ಮೂವರು ಪ್ರಾಧ್ಯಾಪಕರು ವಿಕಾಸವಾದವನ್ನು ಪಾಠ ಮಾಡುತ್ತಿದ್ದರು. ಬೈಬಲನ್ನು ಆಧುನಿಕ ಪಾಠವಿಮರ್ಶೆಯ ಬೆಳಕಿನಲ್ಲಿ ಓದಬೇಕೆಂದೂ ಹೇಳುತ್ತಿದ್ದರು. ದೂರುಗಳು ಬಂದು ವಿಚಾರಣೆ ನಡೆಯಿತು. ಮೂವರೂ ಸಂಸ್ಥೆಯನ್ನು ಬಿಡಬೇಕಾಯಿತು. ವಿದ್ಯಾರ್ಥಿಗಳು ಅಧ್ಯಾಪಕರ ಪರವಾಗಿ ಸಹಿ ಮಾಡಿ ಮನವಿ ಸಲ್ಲಿಸಿದರು. ಅದು ಪತ್ರಿಕೆಗಳಲ್ಲಿಯೂ ಬಂದಿತು. ಫಲ ಸಿಗಲಿಲ್ಲ. ಚೇಂಬರ್ಲಿನ್ ಮುಂದೆ ಜೇಡಗಳು ಮತ್ತು ಸಹಸ್ರಪದಿಗಳ ಅಧ್ಯಯನದಲ್ಲಿ ಹೆಸರಾಂತ ಪ್ರಾಣಿಶಾಸ್ತ್ರಜ್ಞರಾದರು.

1925ರಲ್ಲಿ ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿ, ವಿಕಾಸವಾದವನ್ನು ಪಾಠ ಮಾಡಿದ ಆರೋಪದ ಮೇಲೆ ಸ್ಕೋಪ್ಸ್ ಎಂಬ ಶಿಕ್ಷಕನ ವಿಚಾರಣೆ ನಡೆದು ಲೋಕದ ಗಮನ ಸೆಳೆಯಿತು. ಅದೇ ವರ್ಷ ಸಭೆಯು 1909ರ ಹೇಳಿಕೆಯನ್ನು ಸಂಕ್ಷಿಪ್ತಗೊಳಿಸಿ ಮತ್ತೆ ಪ್ರಕಟಿಸಿತು. ಮನುಷ್ಯ ದೇವರ ಸಂತಾನ ಎಂಬ ಮಾತು ಹಾಗೆಯೇ ಉಳಿಯಿತು. ವಿಕಾಸವಾದವನ್ನು ನೇರವಾಗಿ ಅಲ್ಲಗಳೆದ ಸಾಲುಗಳು ಈ ಪಾಠದಲ್ಲಿ ಇರಲಿಲ್ಲ.

ಹಿರಿಯರೊಳಗಿನ ವಾದ

ಸಭೆಯ ನಾಯಕರಲ್ಲಿಯೂ ಒಮ್ಮತವಿರಲಿಲ್ಲ. 1930ರಲ್ಲಿ ಅಪೊಸ್ತಲ ಜೋಸೆಫ್ ಫೀಲ್ಡಿಂಗ್ ಸ್ಮಿತ್ ಅವರು, ಆದಾಮನ ಪತನಕ್ಕಿಂತ ಮೊದಲು ಭೂಮಿಯ ಮೇಲೆ ಮರಣವೇ ಇರಲಿಲ್ಲ ಎಂದು ಭಾಷಣ ಮಾಡಿದರು. ಬಿ. ಎಚ್. ರಾಬರ್ಟ್ಸ್ ಎಂಬ ಇನ್ನೊಬ್ಬ ಹಿರಿಯ ನಾಯಕರು ಇದನ್ನು ಪ್ರಶ್ನಿಸಿದರು. ಆದಾಮನಿಗಿಂತ ಮೊದಲೂ ಭೂಮಿಯ ಮೇಲೆ ಜೀವಿಗಳಿದ್ದವು, ಮನುಷ್ಯರಂಥವರೂ ಇದ್ದರು ಎಂಬುದು ಅವರ ವಾದ. ಇದನ್ನು ಅವರು ತಾವು ಬರೆದ ದೊಡ್ಡ ಗ್ರಂಥವೊಂದರಲ್ಲಿ ವಿವರಿಸಿದ್ದರು.

1931ರಲ್ಲಿ ಇಬ್ಬರೂ ತಮ್ಮ ವಾದಗಳನ್ನು ಹಿರಿಯರ ಮುಂದೆ ಮಂಡಿಸಿದರು. ಪ್ರಥಮ ಅಧ್ಯಕ್ಷ ಮಂಡಳಿ ಯಾರ ಪರವಾಗಿಯೂ ತೀರ್ಪು ಕೊಡಲಿಲ್ಲ. ಎರಡು ವಾದಗಳಲ್ಲಿ ಯಾವುದೂ ಸಭೆಯ ಸಿದ್ಧಾಂತವಲ್ಲ. ಭೂವಿಜ್ಞಾನ, ಜೀವಶಾಸ್ತ್ರ, ಪುರಾತತ್ತ್ವ, ಮಾನವಶಾಸ್ತ್ರಗಳನ್ನು ಆಯಾ ಸಂಶೋಧಕರಿಗೆ ಬಿಡೋಣ. ನಮ್ಮ ಕೆಲಸ ಆತ್ಮದ ಉದ್ಧಾರ – ಇದು ಅವರ ಸೂಚನೆಯ ಸಾರ. ಆದಾಮನು ನಮ್ಮ ಮನುಷ್ಯಕುಲದ ಮೂಲಪುರುಷ ಎಂಬ ಒಂದು ಮಾತಿನಲ್ಲಿ ಮಾತ್ರ ಎಲ್ಲರೂ ಒಪ್ಪುತ್ತೇವೆ ಎಂದೂ ಅವರು ತಿಳಿಸಿದರು.

ರಾಬರ್ಟ್ಸ್ 1933ರಲ್ಲಿ ತೀರಿಕೊಂಡರು. ಅವರ ಗ್ರಂಥ ಅಚ್ಚಾದದ್ದು 1994ರಲ್ಲಿ, ಅವರು ತೀರಿಕೊಂಡು ಅರವತ್ತು ವರ್ಷ ಕಳೆದ ಮೇಲೆ.

ಆದರೆ 1931ರಲ್ಲಿಯೇ ಇನ್ನೊಂದು ಧ್ವನಿ ಕೇಳಿಬಂತು. ಜೇಮ್ಸ್ ಟಾಲ್ಮೇಜ್ ಅವರು ಅಪೊಸ್ತಲರೂ ಹೌದು, ಭೂವಿಜ್ಞಾನಿಯೂ ಹೌದು. ಆ ವರ್ಷ ಆಗಸ್ಟ್ 9ರಂದು ಸಾಲ್ಟ್ ಲೇಕ್ ನಗರದ ಸಭಾಮಂದಿರದಲ್ಲಿ ಮಾತನಾಡುತ್ತ, ಮನುಷ್ಯ ಬರುವುದಕ್ಕೆ ಎಷ್ಟೋ ಯುಗಗಳ ಮೊದಲು ಸಸ್ಯಗಳೂ ಪ್ರಾಣಿಗಳೂ ಬದುಕಿ ಸತ್ತಿದ್ದನ್ನು ಬಂಡೆಗಳು ತೋರಿಸುತ್ತವೆ ಎಂದರು. ಮನುಷ್ಯ ಪ್ರಾಣಿಗಳಿಂದ ಬಂದನೆಂಬುದನ್ನು ಅವರು ಒಪ್ಪಲಿಲ್ಲ. ಆ ಭಾಷಣ ಸಭೆಯ ಒಪ್ಪಿಗೆಯೊಂದಿಗೆ ಅಚ್ಚಾಯಿತು.

ಒಂದು ಪುಸ್ತಕ, ಒಂದು ಪತ್ರ

1954ರಲ್ಲಿ ಜೋಸೆಫ್ ಫೀಲ್ಡಿಂಗ್ ಸ್ಮಿತ್ ತಮ್ಮ ಅಭಿಪ್ರಾಯಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ವಿಕಾಸವಾದವೂ ಧರ್ಮಗ್ರಂಥವೂ ಒಟ್ಟಿಗೆ ನಿಲ್ಲಲಾರವು ಎಂಬುದು ಅದರ ನಿಲುವು. ಆ ಪುಸ್ತಕವನ್ನು ಒಪ್ಪದ ಮಾರ್ಮನ್ನರಲ್ಲಿ ಹೆನ್ರಿ ಐರಿಂಗ್ ಮುಖ್ಯರು. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಈ ಹೆಸರನ್ನು ಕೇಳಿರುತ್ತೀರಿ: ರಾಸಾಯನಿಕ ಕ್ರಿಯೆಗಳ ವೇಗವನ್ನು ವಿವರಿಸುವ 1935ರ ‘ಐರಿಂಗ್ ಸಮೀಕರಣ’ ಇವರದೇ. ಸತ್ಯ ಎಲ್ಲಿಂದ ಬಂದರೂ ಅದನ್ನು ಅಂಗೀಕರಿಸುವುದು ತನ್ನ ಧರ್ಮದ ಭಾಗವೆಂದು ಅವರು ನಂಬಿದ್ದರು. ಇಬ್ಬರೂ ಎದುರುಬದುರು ಕುಳಿತು ಮಾತನಾಡಿದರು. ಅಭಿಪ್ರಾಯ ಬದಲಾಗಲಿಲ್ಲ, ಸ್ನೇಹವೂ ಕೆಡಲಿಲ್ಲ.

ಆಗ ಸಭೆಯ ಅಧ್ಯಕ್ಷರಾಗಿದ್ದ ಡೇವಿಡ್ ಮೆಕ್‌ಕೇ ಅವರು 1957ರಲ್ಲಿ ವಿಲಿಯಂ ಲೀ ಸ್ಟೋಕ್ಸ್ ಎಂಬ ಭೂವಿಜ್ಞಾನಿಗೆ ಬರೆದ ಪತ್ರದಲ್ಲಿ ವಿಷಯವನ್ನು ಸ್ಪಷ್ಟಪಡಿಸಿದರು: ವಿಕಾಸವಾದದ ಬಗ್ಗೆ ಸಭೆಯು ಅಧಿಕೃತ ನಿಲುವನ್ನು ತಳೆದಿಲ್ಲ, ಆ ಪುಸ್ತಕದ ಅಭಿಪ್ರಾಯಗಳಿಗೆ ಲೇಖಕರೇ ಹೊಣೆ. ಮುಂದೆ 1970ರಲ್ಲಿ ಸ್ಮಿತ್ ಅವರೇ ಅಧ್ಯಕ್ಷರಾದರು. ಆಗಲೂ ಅವರ ಪುಸ್ತಕದ ನಿಲುವು ಸಭೆಯ ಅಧಿಕೃತ ಸಿದ್ಧಾಂತವಾಗಲಿಲ್ಲ.

ಪಕ್ಕೆಲುಬಿನ ಕಥೆ

ಇಲ್ಲಿಯವರೆಗಿನ ವಿವರವನ್ನು ಓದಿ, ಒಂದು ಕಡೆ ನೇರ ಅರ್ಥದವರು, ಇನ್ನೊಂದು ಕಡೆ ಸಾಂಕೇತಿಕ ಅರ್ಥದವರು ಎಂದು ನೀವು ಎರಡು ಗುಂಪು ಮಾಡಿಕೊಂಡಿರಬಹುದು. ವಾಸ್ತವ ಅಷ್ಟು ಸರಳವಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬ್ರಿಗಮ್ ಯಂಗ್, ಆದಾಮನನ್ನು ಹಸಿ ಇಟ್ಟಿಗೆ ಮಾಡುವ ಹಾಗೆ ಮಣ್ಣಿನಿಂದ ಮಾಡಲಾಯಿತೆಂಬುದನ್ನು ಒಪ್ಪಿರಲಿಲ್ಲ. ಭೂಮಿಯ ಸೃಷ್ಟಿಗೆ ಆರು ದಿನ ಹಿಡಿಯಿತೋ ಎಷ್ಟೋ ಲಕ್ಷ ವರ್ಷ ಹಿಡಿಯಿತೋ ಎಂಬುದರ ಬಗ್ಗೆ ಅವರು ತಲೆ ಕೆಡಿಸಿಕೊಂಡಿರಲಿಲ್ಲ. 1976ರಲ್ಲಿ ಅಧ್ಯಕ್ಷ ಸ್ಪೆನ್ಸರ್ ಕಿಂಬಾಲ್, ಪಕ್ಕೆಲುಬಿನ ಕಥೆ ಸಾಂಕೇತಿಕವೆಂದು ಸ್ಪಷ್ಟವಾಗಿ ಬರೆದರು. ಅಪೊಸ್ತಲ ಬ್ರೂಸ್ ಮೆಕಾಂಕಿ 1980ರಲ್ಲಿ ವಿಕಾಸವಾದವನ್ನು ಕಟುವಾಗಿ ಖಂಡಿಸಿದವರು. ಅವರೂ 1982ರ ಲೇಖನವೊಂದರಲ್ಲಿ, ಸೃಷ್ಟಿಯ ‘ದಿನ’ ಎಂದರೆ ಒಂದು ಕಾಲಘಟ್ಟ, ಇಪ್ಪತ್ತನಾಲ್ಕು ಗಂಟೆಯ ದಿನವಲ್ಲ ಎಂದರು.

ಅಂದರೆ ನೇರ ಅರ್ಥಕ್ಕೆ ಪಟ್ಟು ಹಿಡಿದವರೂ ಎಲ್ಲ ವಾಕ್ಯಗಳನ್ನೂ ನೇರವಾಗಿ ಓದಲಿಲ್ಲ. ಸಾಂಕೇತಿಕ ಅರ್ಥಕ್ಕೆ ಒಲಿದವರೂ ಎಲ್ಲವನ್ನೂ ಸಂಕೇತವೆನ್ನಲಿಲ್ಲ. ಒಂದೇ ಕಥೆಯೊಳಗೆ ದಿನ, ಮಣ್ಣು, ಪಕ್ಕೆಲುಬು, ಹಣ್ಣು – ಇವುಗಳಿಗೆ ಲಕ್ಷ್ಯಾರ್ಥವನ್ನು ಅನೇಕರು ಒಪ್ಪಿದರು. ಆದಾಮ, ಪತನ, ಮನುಷ್ಯ ದೇವರ ಮಗು ಎಂಬ ಸಂಬಂಧ – ಇವುಗಳಿಗೆ ವಾಚ್ಯಾರ್ಥವನ್ನು ಬಿಡಲಿಲ್ಲ. ವಿವಾದ ನಡೆದದ್ದು ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದರ ಬಗ್ಗೆ.

ಇಂದಿನ ಸ್ಥಿತಿ

1911ರಲ್ಲಿ ಮೂವರು ಅಧ್ಯಾಪಕರು ಹೊರನಡೆದ ಅದೇ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಇಂದು ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ವಿಕಾಸವಾದದ ಪಾಠವಿದೆ. 1976ರಲ್ಲಿ ಆರಂಭವಾದ ಅಲ್ಲಿನ ಜೀವಾವಶೇಷಗಳ ವಸ್ತುಸಂಗ್ರಹಾಲಯದಲ್ಲಿ ಡೈನೋಸಾರ್ ಮೂಳೆಗಳಿವೆ. 1992ರಲ್ಲಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯು ಸಭೆಯ ಅಧಿಕೃತ ಹೇಳಿಕೆಗಳನ್ನು ಒಟ್ಟುಗೂಡಿಸಿ ವಿದ್ಯಾರ್ಥಿಗಳಿಗೆ ಒದಗಿಸುವ ವ್ಯವಸ್ಥೆ ಮಾಡಿತು. ಯಾವುದು ಸಭೆಯ ಮಾತು, ಯಾವುದು ಒಬ್ಬ ನಾಯಕನ ಸ್ವಂತ ಅಭಿಪ್ರಾಯ ಎಂಬುದನ್ನು ವಿದ್ಯಾರ್ಥಿಯೇ ಓದಿ ತಿಳಿಯಲಿ ಎಂಬುದು ಇದರ ಪ್ರಯೋಜನ. 2016ರಲ್ಲಿ ಸಭೆಯ ಯುವಜನರ ಪತ್ರಿಕೆಯು, ವಿಕಾಸವಾದದ ಬಗ್ಗೆ ಸಭೆಗೆ ಅಧಿಕೃತ ನಿಲುವಿಲ್ಲ, ಅದು ವಿಜ್ಞಾನದ ಅಧ್ಯಯನಕ್ಕೆ ಸೇರಿದ ವಿಷಯ ಎಂದು ಬರೆಯಿತು. ಆದಾಮ ಹವ್ವರ ದೇಹಗಳು ಹೇಗೆ ಸೃಷ್ಟಿಯಾದವು ಎಂಬುದು ಪ್ರಕಟವಾಗಿಲ್ಲವೆಂದೂ ಹೇಳಿತು. ವಿಕಾಸವಾದವನ್ನು ಒಪ್ಪದ ಸದಸ್ಯರು ಇಂದಿಗೂ ಅನೇಕರಿದ್ದಾರೆ. ಒಪ್ಪುವವರೂ ಅದೇ ಪೀಠಗಳಲ್ಲಿ ಕುಳಿತು ಪ್ರಾರ್ಥಿಸುತ್ತಾರೆ.

ಗಮನಿಸಬೇಕಾದ ಅಂಶ

ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಮುಖ್ಯಾರ್ಥಕ್ಕೆ ಬಾಧೆ ಬಂದಿದೆ ಎಂದು ತೀರ್ಮಾನಿಸುವವರು ಯಾರು? ಮಾರ್ಮನ್ನರ ಇತಿಹಾಸದಲ್ಲಿ ಮೂರು ಅಧಿಕಾರಗಳು ಈ ಕೆಲಸ ಮಾಡಿದ್ದನ್ನು ಕಂಡೆವು. ಒಂದು, ಇನ್ನೊಂದು ಧರ್ಮಗ್ರಂಥ: ‘ದಿನ’ವನ್ನು ‘ಕಾಲ’ ಮಾಡಿದ್ದು ಅಬ್ರಹಾಮನ ಪುಸ್ತಕ. ಎರಡು, ನಾಯಕನ ಮಾತು: ಪಕ್ಕೆಲುಬನ್ನು ಸಂಕೇತವೆಂದವರು ಅಧ್ಯಕ್ಷ ಕಿಂಬಾಲ್. ಮೂರು, ನಿಸರ್ಗದ ಸಾಕ್ಷ್ಯ: ಮರಣ ಆದಾಮನಿಗಿಂತ ಹಳೆಯದೆಂದು ಟಾಲ್ಮೇಜ್ ಹೇಳಿದ್ದು ಬಂಡೆಗಳನ್ನು ಓದಿ. ಈ ಮೂರೂ ಒಂದೇ ಮಾತನ್ನು ಹೇಳಿದಾಗ ತೊಂದರೆಯಿಲ್ಲ. ಬೇರೆ ಬೇರೆ ಹೇಳಿದಾಗ ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಒಬ್ಬೊಬ್ಬ ಓದುಗನೂ ನಿರ್ಧರಿಸಬೇಕಾಗುತ್ತದೆ. 1931ರ ಹಿರಿಯರು ತೀರ್ಪು ಕೊಡದೆ ಬಿಟ್ಟಿದ್ದರಿಂದ ಆ ನಿರ್ಧಾರಕ್ಕೆ ಜಾಗ ಉಳಿಯಿತು. ಆ ಜಾಗವಿಲ್ಲದಿದ್ದ 1911ರಲ್ಲಿ ಬೆಲೆ ತೆತ್ತವರು ಮೂವರು ಅಧ್ಯಾಪಕರು ಮತ್ತು ಅವರ ಪಾಠ ಕಳೆದುಕೊಂಡ ವಿದ್ಯಾರ್ಥಿಗಳು.

ಆದ್ದರಿಂದ ಯಾವುದೇ ಧರ್ಮದ ಸೃಷ್ಟಿಕಥೆಯನ್ನು ಓದುವಾಗ ‘ಇದು ನಿಜವೋ ಕಥೆಯೋ’ ಎಂದು ಒಂದೇ ಮಾತಿನಲ್ಲಿ ಕೇಳಿ ಮುಗಿಸಬೇಡಿ. ಈ ಸಮುದಾಯ ಯಾವ ವಾಕ್ಯವನ್ನು ನೇರವಾಗಿ ಹಿಡಿದಿದೆ, ಯಾವುದನ್ನು ಸಂಕೇತವಾಗಿ ಬಿಟ್ಟಿದೆ, ಏಕೆ ಎಂದು ಕೇಳಿ. ಆಗ ಆ ಜನರಿಗೆ ಯಾವುದು ಪ್ರಾಣಸಮಾನವಾದದ್ದು ಎಂಬುದು ತಿಳಿಯುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ‘ದಿನ’ ಎಂಬ ಪದಕ್ಕೆ ಲಕ್ಷ್ಯಾರ್ಥವನ್ನು ಒಪ್ಪಿದವರು ‘ಆದಾಮ’ ಎಂಬ ಹೆಸರಿಗೆ ಅದನ್ನು ಒಪ್ಪಲು ಏಕೆ ಹಿಂಜರಿದರು?

2. 1909 ಮತ್ತು 1925ರ ಹೇಳಿಕೆಗಳಲ್ಲಿ ಉಳಿದದ್ದೇನು, ಬಿಟ್ಟುಹೋದದ್ದೇನು? ಒಂದು ಸಂಸ್ಥೆಯು ಹೇಳದೆ ಬಿಟ್ಟ ಮಾತಿಗೂ ಅರ್ಥವಿರುತ್ತದೆಯೇ?

3. ನಿಮಗೆ ಗೊತ್ತಿರುವ ಒಂದು ಸೃಷ್ಟಿಕಥೆಯನ್ನು ಆಯ್ದುಕೊಳ್ಳಿ. ಅದರಲ್ಲಿ ನಿಮ್ಮ ಮನೆಯ ಹಿರಿಯರು ನೇರವಾಗಿ ನಂಬುವ ಮಾತು ಯಾವುದು, ಸಂಕೇತವೆಂದು ತಿಳಿಯುವ ಮಾತು ಯಾವುದು? ಅವರನ್ನೇ ಕೇಳಿ ಬರೆಯಿರಿ.